ಅಹಿಂಸೆಯಿಂದ ರಾಜ್ಯ ಅಳಿಯಿತೇ? ತಲಕಾಡಿನ ಕಲ್ಲುಗಳ ಸಾಕ್ಷ್ಯ

ಭಾರತವು ಪರಾಧೀನವಾದುದಕ್ಕೆ ಅಹಿಂಸಾಧರ್ಮವೇ ಕಾರಣವೆಂಬ ಮಾತು ಇಂದಿಗೂ ಸಭೆಗಳಲ್ಲಿ, ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ, ಮದುವೆಮನೆಯ ಹರಟೆಗಳಲ್ಲಿ ಕೇಳಿಬರುತ್ತದೆ. ಜಿನಧರ್ಮವನ್ನು ನಂಬಿದ ಅರಸರು ಕತ್ತಿಯನ್ನು ಕೆಳಗಿಟ್ಟರು, ಆದ್ದರಿಂದ ರಾಜ್ಯವನ್ನು ಕಳೆದುಕೊಂಡರು ಎಂಬುದು ಈ ವಾದದ ಸಾರ. ಇದಕ್ಕೆ ಉತ್ತರವೆಂಬಂತೆ ನಮ್ಮವರೇ ಕೆಲವರು ಇನ್ನೊಂದು ವಾದವನ್ನು ಹೂಡುತ್ತಾರೆ: ನಾವೇನು ಕಡಿಮೆಯವರೇ, ನಮ್ಮಲ್ಲಿಯೂ ಶತ್ರುಗಳ ತಲೆ ತರಿದ ರಣಧೀರರಿದ್ದರು ಎಂದು. ಮೊದಲನೆಯದು ಅಸತ್ಯ; ಎರಡನೆಯದು ಅರ್ಧಸತ್ಯ. ಈ ಎರಡನ್ನೇ ಕೇಳಿ ಬೆಳೆಯುವ ಮಕ್ಕಳು ಒಂದೋ ತಮ್ಮ ಧರ್ಮದ ವಿಷಯದಲ್ಲಿ ನಾಚುತ್ತಾರೆ, ಇಲ್ಲವೇ ಆ ಧರ್ಮ ಯಾವುದನ್ನು ನಿಷೇಧಿಸಿತೋ ಅದರಲ್ಲಿಯೇ ಹೆಮ್ಮೆಪಡುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಯಾವುದು? ಸಾಕ್ಷ್ಯಕ್ಕಾಗಿ ದೂರ ಹೋಗಬೇಕಾಗಿಲ್ಲ. ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ನದೀತೀರದಿಂದಲೇ ಆರಂಭಿಸೋಣ.

ತಲಕಾಡು ನರಸೀಪುರ ತಾಲ್ಲೂಕಿನ ಊರು. ಇಲ್ಲಿಂದ ಆಳಿದ ಗಂಗರು ಜಿನಧರ್ಮಕ್ಕೆ ಆಶ್ರಯವಿತ್ತವರೆಂಬುದು ಸರ್ವವಿದಿತ. ಅವರು ಕತ್ತಿ ಹಿಡಿಯದವರೇ? 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಇಮ್ಮಡಿ ಮಾರಸಿಂಹನ ವಿಜಯಗಳ ದೀರ್ಘ ಪಟ್ಟಿ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲೆಯೇ ಇದೆ. ಅವನು 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟನು. ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಮಂತ್ರಿಯೂ ಹೌದು, ದಂಡನಾಯಕನೂ ಹೌದು. ಇಂಥವರನ್ನು ಅಹಿಂಸೆಯು ಷಂಡರನ್ನಾಗಿಸಿತೆಂದು ಹೇಳುವವನು ಶಾಸನಗಳನ್ನು ಓದಿದವನಲ್ಲ.

ಹಾಗಾದರೆ 1004ರ ಸುಮಾರಿಗೆ ತಲಕಾಡು ಚೋಳರ ವಶವಾದುದೇಕೆ? ಲೆಕ್ಕ ಸರಳವಾಗಿದೆ. ಗಂಗರಿಗೆ ಬೆಂಬಲವಾಗಿದ್ದ ರಾಷ್ಟ್ರಕೂಟ ಸಾಮ್ರಾಜ್ಯವನ್ನು 973ರಲ್ಲಿ ಚಾಲುಕ್ಯ ಇಮ್ಮಡಿ ತೈಲಪನು ಕೆಡವಿದನು. ಆಸರೆ ಬಿದ್ದಿತು. ಅದೇ ಕಾಲದಲ್ಲಿ ತಂಜಾವೂರಿನಲ್ಲಿ ರಾಜರಾಜ ಚೋಳನ ಶಕ್ತಿ ಬೆಳೆಯಿತು. ಬಸದಿ ಕಟ್ಟಿಸಿದ್ದರಿಂದ ಗಂಗರು ಸೋಲಲಿಲ್ಲ. ತಮಗಿಂತ ದೊಡ್ಡ ಸೈನ್ಯದ ಎದುರಿನಲ್ಲಿ ಒಂಟಿಯಾಗಿ ನಿಂತುದರಿಂದ ಸೋತರು. ಶಿವಭಕ್ತರ ರಾಜ್ಯಗಳೂ ವಿಷ್ಣುಭಕ್ತರ ರಾಜ್ಯಗಳೂ ಅಳಿದಿವೆ. ಅವು ಅಳಿದಾಗ ಯಾರೂ ಅವುಗಳ ದೇವರ ಮೇಲೆ ದೂರು ಹೊರಿಸಲಿಲ್ಲ. ಈ ತಕ್ಕಡಿ ನಮಗೆ ಮಾತ್ರ ಏಕೆ?

ಈಗ ನಮ್ಮ ಬಂಧುಗಳ ಅರ್ಧಸತ್ಯಕ್ಕೆ ಬರೋಣ. 1116ರಲ್ಲಿ ಹೊಯ್ಸಳ ವಿಷ್ಣುವರ್ಧನನಿಗೆ ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜನು ಜಿನಭಕ್ತನೆಂಬುದು ನಿಜ. ಅರಸನು ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿ, ಅಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು. ಮೆಚ್ಚಿದ ಅರಸನಲ್ಲಿ ದಂಡನಾಯಕನು ಬೇಡಿದ್ದೇನು? ಗೋವಿಂದವಾಡಿಯೆಂಬ ಒಂದು ಗ್ರಾಮವನ್ನು. ಅದನ್ನೂ ತನಗಾಗಿ ಇಟ್ಟುಕೊಳ್ಳದೆ ಗೊಮ್ಮಟೇಶ್ವರನ ಪೂಜೆಗೆ ಬಿಟ್ಟನೆಂದು ಬೆಳಗೊಳದ ಶಾಸನ ಹೇಳುತ್ತದೆ. ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದವನೂ, ಗಂಗವಾಡಿಯ ಜೀರ್ಣಬಸದಿಗಳನ್ನು ಎತ್ತಿ ನಿಲ್ಲಿಸಿದವನೂ ಅವನೇ. ಜಿನಸಮಾಜವು ಅವನನ್ನು ನೆನೆಯುವುದು ಈ ಎರಡನೆಯ ಖಾತೆಯಿಂದ.

ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯವೆಂದೂ, ದೇಶರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನೆಂದೂ ಶ್ರಾವಕಾಚಾರವನ್ನು ವಿವರಿಸುವವರು ಹೇಳುತ್ತಾರೆ. ಬಿಡಲಾರನು ಎಂದರೆ ಅದು ಕೊಂಡಾಡಲು ಯೋಗ್ಯವೆಂದು ಅರ್ಥವಲ್ಲ. ಅನಿವಾರ್ಯವೆಂದು ಸಹಿಸಿದ್ದನ್ನು ಆದರ್ಶವೆಂದು ಮೆರವಣಿಗೆ ಮಾಡಿದರೆ, ಖರ್ಚಿನ ಬಾಬತ್ತನ್ನು ಜಮಾ ಕಡೆಗೆ ಬರೆದಂತಾಗುತ್ತದೆ. ವಾಣಿಜ್ಯಶಾಸ್ತ್ರ ಓದಿದ ನನ್ನಂಥವನಿಗೆ ಈ ಲೆಕ್ಕ ಒಪ್ಪಿಗೆಯಾಗದು.

ಮೂರನೆಯದೊಂದು ಚಟವೂ ನಮ್ಮಲ್ಲಿದೆ. ಅದು ದ್ವೇಷವನ್ನು ಬಡ್ಡಿಸಹಿತ ಮಕ್ಕಳಿಗೆ ದಾಟಿಸುವುದು. ವಿಷ್ಣುವರ್ಧನನು ಮತಾಂತರಗೊಂಡು ಜೈನರನ್ನು ಗಾಣಕ್ಕೆ ಹಾಕಿಸಿದನೆಂಬ ಕಥೆಯನ್ನು ಇನ್ನೂ ಕೆಲವರು ಹೇಳುತ್ತಾರೆ. ಆದರೆ ಅವನ ಪಟ್ಟಮಹಿಷಿ ಶಾಂತಲೆಯು ಜಿನಭಕ್ತೆಯಾಗಿಯೇ ಇದ್ದು 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1133ರಲ್ಲಿ ಗಂಗರಾಜನ ಮಗ ಬೊಪ್ಪನು ದೋರಸಮುದ್ರದಲ್ಲಿ ಪಾರ್ಶ್ವನಾಥನನ್ನು ಪ್ರತಿಷ್ಠಾಪಿಸಿದಾಗ, ಪ್ರಸಾದವನ್ನು ಸ್ವೀಕರಿಸಿದ ಅರಸನು ಆ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಕಲ್ಲು ಹೇಳದ ಕ್ರೌರ್ಯವನ್ನು ನಾವು ಕಲ್ಪಿಸಬಾರದು. ಕಲ್ಲು ಹೇಳುವ ಅನ್ಯಾಯವನ್ನು ಮುಚ್ಚಲೂಬಾರದು. ಅನೇಕಾಂತವೆಂದರೆ ಎಲ್ಲರ ಮಾತಿಗೂ ತಲೆಯಾಡಿಸುವುದಲ್ಲ. ಯಾವ ಮಾತು ಯಾವ ಅಪೇಕ್ಷೆಯಿಂದ ಎಷ್ಟು ನಿಜವೆಂದು ತೂಗಿ ನೋಡುವುದು.

ಹಾಗೆ ತೂಗಿದಾಗ ಕಾಣುವುದೇನು? ಚೋಳರು ತಲಕಾಡಿಗೆ ರಾಜರಾಜಪುರವೆಂದು ಹೆಸರಿಟ್ಟು ನೂರಕ್ಕೂ ಹೆಚ್ಚು ವರ್ಷ ಆಳಿದರು. ಇಂದು ಆ ಹೆಸರಿನಿಂದ ಆ ಊರನ್ನು ಕರೆಯುವವರಿಲ್ಲ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಯಾವ ಯುದ್ಧ ಗೆದ್ದನೆಂಬುದು ಎಷ್ಟು ಜನರಿಗೆ ಗೊತ್ತು? ಅವನು ಇದೇ ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಕಟ್ಟಿಸಿದ ಕೇಶವ ದೇವಾಲಯವು 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ನಂಜನಗೂಡಿನ ನಿದರ್ಶನ ಇನ್ನೂ ಸ್ಪಷ್ಟವಾದುದು. ಆ ತಾಲ್ಲೂಕಿನ ಕಳಲೆಯ ಮನೆತನದವರು ಮೈಸೂರಿನ ದಳವಾಯಿಗಳಾಗಿದ್ದರು. ದಳವಾಯಿ ದೇವರಾಜಯ್ಯನು 1735ರಲ್ಲಿ ಕಪಿಲೆಗೆ ಕಟ್ಟಿಸಿದ ಸೇತುವೆಯು ಎತ್ತಿನ ಗಾಡಿಗಳನ್ನು ಹೊತ್ತಿತು, ಕಾಲ ಬದಲಾದ ಮೇಲೆ ರೈಲನ್ನೂ ಹೊತ್ತಿತು. ಅದೇ ಮನೆತನದ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನು 1752ರಿಂದ ತಿರುಚಿನಾಪಳ್ಳಿಗಾಗಿ ನಡೆಸಿದ ಯುದ್ಧದಿಂದ ಬಂದುದೇನು? ಬೊಕ್ಕಸ ಬರಿದಾಯಿತು, ಸೈನಿಕರ ಸಂಬಳ ಬಾಕಿಯಾಯಿತು, ಕೋಟೆ ಕೈಗೆ ಬರಲಿಲ್ಲ. 1761ರ ವೇಳೆಗೆ ಅಧಿಕಾರವೇ ಹೈದರಾಲಿಯ ಪಾಲಾಯಿತು. ಒಂದೇ ಮನೆತನ, ಒಂದೇ ಬೊಕ್ಕಸ, ಎರಡು ಹೂಡಿಕೆ. ಯಾವುದು ಲಾಭ ತಂದಿತೆಂದು ಯಾವ ವರ್ತಕನಿಗೂ ಹೇಳಿಕೊಡಬೇಕಾಗಿಲ್ಲ.

ನಂಬಿಕೆಗಳು ಲೋಕವನ್ನು ರೂಪಿಸುತ್ತವೆಂಬುದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಕಲಹವುಂಟಾದಾಗ, ತಮಗೆ ಅನ್ಯಾಯವಾಯಿತೆಂದು ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದನು. ಕೇವಲ ಉಪದೇಶಕ್ಕೆ ನಿಲ್ಲಲಿಲ್ಲ. ಬೆಳಗೊಳದ ದೇವರ ರಕ್ಷಣೆಗೆ ವೈಷ್ಣವರು 20 ಕಾವಲಿನವರನ್ನು ನೇಮಿಸಬೇಕು, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಎತ್ತಬೇಕು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಬೇಕು ಎಂದು ವಿಧಿಸಿದನು. ರಕ್ಷಣೆಯ ವೆಚ್ಚವನ್ನು ರಕ್ಷಣೆ ಬೇಡಿದವರೇ ತೆತ್ತರೆಂಬುದನ್ನು ಮರೆಯಬೇಕಾಗಿಲ್ಲ. ಆದರೂ ಮಾತನ್ನು ಏರ್ಪಾಡಾಗಿ ಮಾಡಿದುದು ಅಲ್ಲಿನ ವಿವೇಕ. ಯೂರೋಪಿನ ಕ್ರೈಸ್ತ ಪಂಗಡಗಳು 30 ವರ್ಷ ಕಾದಾಡಿ ದಣಿದು ವೆಸ್ಟ್‌ಫೇಲಿಯಾ ಒಪ್ಪಂದಕ್ಕೆ ಬಂದುದು 1648ರಲ್ಲಿ, ಇದಾದ 280 ವರ್ಷಗಳ ತರುವಾಯ. ಆಧುನಿಕ ರಾಷ್ಟ್ರಗಳ ಚರಿತ್ರೆಯಲ್ಲಿ ಆ ಒಪ್ಪಂದದ ಹೆಸರು ಬರುತ್ತದೆ. ನಮ್ಮ ಕಲ್ಲಿನ ಹೆಸರನ್ನು ನಮ್ಮ ಮಕ್ಕಳೇ ಅರಿಯರು.

ಆ ಶಾಸನದ ಕೊನೆಯಲ್ಲಿ ಇನ್ನೊಂದು ಸಂಗತಿಯಿದೆ. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನವಿಸಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಆ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಬಂಧುಗಳೇ, ಗಮನಿಸಿರಿ. ಇವನು ದಂಡೆತ್ತಿದವನಲ್ಲ. ಒಂದು ಒಪ್ಪಂದವು ಮಾಸಿಹೋಗದಂತೆ ನೋಡಿಕೊಂಡ ಸೆಟ್ಟಿ. ವಿರೋಧಪಕ್ಷದವರೂ ಅವನನ್ನು ಗೌರವಿಸಿದರು.

ನಂಬಿಕೆ ತಾನಾಗಿ ಬಾಳದು. ಯಾರಾದರೂ ಅದನ್ನು ನವೀಕರಿಸುತ್ತಿರಬೇಕು. 1891ರಲ್ಲಿ ಮುಂಬಯಿಯಲ್ಲಿ ತರುಣ ಗಾಂಧಿಯವರು ಭೇಟಿಯಾದ ಶ್ರೀಮದ್ ರಾಜಚಂದ್ರರು ರತ್ನವ್ಯಾಪಾರಿ. ತಮ್ಮ ಜೀವನದ ಮೇಲೆ ಆಳವಾದ ಪ್ರಭಾವ ಬೀರಿದವರಲ್ಲಿ ಅವರೊಬ್ಬರೆಂದು ಗಾಂಧೀಜಿಯೇ ಬರೆದಿದ್ದಾರೆ. ಅಂಗಡಿಯಲ್ಲಿ ಕುಳಿತವನ ಅಹಿಂಸಾವಿಚಾರವು ಸಾಮ್ರಾಜ್ಯವೊಂದನ್ನು ಅಲುಗಿಸಿದ ಚಳವಳಿಗೆ ಬಲವಾಯಿತು. ಆ ಚಳವಳಿಯ ಚರಕವು ನಂಜನಗೂಡು ತಾಲ್ಲೂಕಿನ ಬದನವಾಳಿನವರೆಗೆ ಬಂದಿತು. ಗಾಂಧೀಜಿ 1927ರಲ್ಲಿ ಅಲ್ಲಿನ ಖಾದಿ ಕೇಂದ್ರಕ್ಕೆ ಬಂದಿದ್ದರು. ಅದೇ ಬದನವಾಳಿನಲ್ಲಿ 1993ರ ಮಾರ್ಚಿಯಲ್ಲಿ, ದೇವಾಲಯ ಪ್ರವೇಶದ ವಿಷಯವಾಗಿ ಬೆಳೆದ ವೈಷಮ್ಯದಲ್ಲಿ, ಮೂವರು ದಲಿತರ ಹತ್ಯೆಯಾಯಿತು. ಮಹಾತ್ಮನ ಪಾದ ಸೋಕಿದ ಮಾತ್ರಕ್ಕೆ ಊರು ಅಹಿಂಸೆಯದಾಗದು. ಗೊಮ್ಮಟನ ಭಾವಚಿತ್ರ ತೂಗುಹಾಕಿದ ಮಾತ್ರಕ್ಕೆ ನಮ್ಮ ಅಂಗಡಿಯೂ ಅಹಿಂಸೆಯದಾಗದು.

ಆದುದರಿಂದ ಟ್ರಸ್ಟುಗಳ ಧರ್ಮದರ್ಶಿಗಳಲ್ಲಿ ನನ್ನ ಒತ್ತಾಯವಿದು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲನ್ನು ಕಿತ್ತು ಅಮೃತಶಿಲೆ ಹಾಸುವುದನ್ನು, ಅಕ್ಷರಗಳಿರುವ ಕಂಬಕ್ಕೆ ಎನಾಮಲ್ ಬಣ್ಣ ಬಳಿಯುವುದನ್ನು ನಿಲ್ಲಿಸಿರಿ. ದಾನಿಗಳ ಹೆಸರಿನ ಹೊಸ ಫಲಕಕ್ಕೆ ಎಷ್ಟು ವೆಚ್ಚ ಮಾಡುತ್ತೀರೋ ಅಷ್ಟನ್ನಾದರೂ ಹಳೆಯ ಶಾಸನದ ಪಾಠವನ್ನು ಬರೆಯಿಸಿ ಬಾಗಿಲಲ್ಲಿ ತೂಗುಹಾಕಲು ವೆಚ್ಚ ಮಾಡಿರಿ. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿಯೇ ಅಚ್ಚು ಹಾಕಿಸಿದರು. ಪರದೇಶದ ಅಧಿಕಾರಿಯು ಓದಿದ್ದನ್ನು ಇಲ್ಲಿಯ ಶ್ರಾವಕನು ಓದಬಾರದೇ? ದಶಲಕ್ಷಣ ಪರ್ವದ ಒಂದು ದಿನ ಮಕ್ಕಳನ್ನು ತಲಕಾಡಿಗೋ ಬೆಳಗೊಳಕ್ಕೋ ಕರೆದೊಯ್ದು, ಗಂಗರಾಜನು ಗೆದ್ದುದನ್ನಲ್ಲ, ಬೇಡಿದುದನ್ನು ತೋರಿಸಿರಿ. ಬುಕ್ಕರಾಯನ ಜೊತೆಗೆ ಬಸುವಿಸೆಟ್ಟಿಯ ಹೆಸರನ್ನೂ ಹೇಳಿರಿ. ಅಹಿಂಸೆಯಿಂದ ರಾಜ್ಯ ಅಳಿಯಿತೆಂದು ಮುಂದೆ ಯಾರಾದರೂ ಮೂದಲಿಸಿದಾಗ ಆ ಮಕ್ಕಳು ತಲೆತಗ್ಗಿಸಬೇಕಾಗಿಲ್ಲ, ಕತ್ತಿ ತೋರಿಸಬೇಕಾಗಿಯೂ ಇಲ್ಲ. ರಾಜ್ಯಗಳು ಅಳಿದವು, ಕಟ್ಟಿದ್ದನ್ನು ಕಾಪಾಡಿದವರಿಂದ ನಾಡು ಉಳಿಯಿತು ಎಂದು ಕಲ್ಲನ್ನು ತೋರಿಸಿ ಹೇಳಿದರೆ ಸಾಕು. ಹಾಗೆ ತೋರಿಸಲು ಕಲ್ಲು ಉಳಿದಿರಬೇಕು. ಅದರ ಹೊಣೆ ಇಂದು ನಮ್ಮ ಟ್ರಸ್ಟುಗಳದು.