ಮೂಗಿಗೆ ತಟ್ಟುವ ಕಸುಬು

ಮಾಲೂರಿನ ಹೆಂಚು ಮನೆಗೆ ಹೊದಿಕೆಯಾಗುವ ಮುನ್ನ ಹಲವರ ಮೂಗನ್ನು ಹಾದು ಬಂದಿರುತ್ತದೆ. ಮಣ್ಣು ಅರೆಯುವಾಗ, ಒಣಗಿದ ಇಟ್ಟಿಗೆ ಹೊರುವಾಗ, ಸುಟ್ಟ ಗೂಡನ್ನು ಬಿಚ್ಚುವಾಗ ಏಳುವ ಧೂಳು ಕೆಲಸಗಾರನಿಗೆ ಸಂಬಳದೊಡನೆ ದೊರೆಯುವ ಬೇಡದ ಭತ್ಯ. ಬಿಡದ ನೆಗಡಿ, ಹುಬ್ಬುಗಳ ನಡುವಿನ ಭಾರ, ಗಂಟಲಿನ ಕೆರೆತ ಇವೆಲ್ಲವನ್ನೂ ಆತ ತನ್ನ ಶೀತದ ಪ್ರಕೃತಿಯೆಂದೇ ಬಗೆದು ವರ್ಷಗಳನ್ನು ಕಳೆಯುತ್ತಾನೆ.

ರೋಗಿಯ ಕಸುಬು ಯಾವುದೆಂದು ವೈದ್ಯನು ವಿಚಾರಿಸಲೇಬೇಕೆಂದು ಇಟಲಿಯ ರಮಾಜಿನಿ 1700ರಲ್ಲಿಯೇ ಬರೆದಿಟ್ಟನು. ಕೋಲಾರ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಕಾರ್ಮಿಕರ ಪುಪ್ಪುಸಗಳನ್ನು ಕೆಡಿಸಿದುದು 1940ರ ದಶಕದಲ್ಲಿಯೇ ವೈದ್ಯರ ವರದಿಗಳಲ್ಲಿ ದಾಖಲಾಯಿತು. ಆ ಸಿಲಿಕೋಸಿಸ್ ರೋಗಕ್ಕೆ ಕಾನೂನಿನ ಪರಿಹಾರವುಂಟು. ಧೂಳಿಗೆ ಹೆಬ್ಬಾಗಿಲಾದ ಮೂಗಿನ ಪಾಡನ್ನು ಕೇಳಿದವರು ಮಾತ್ರ ಕಡಿಮೆ.

ಮೂಗಿನ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ. ಧೂಳು ಅಂಟಿದ ಲೋಳೆಯನ್ನು ಅವು ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಗಂಟಲಿನತ್ತ ತಳ್ಳುತ್ತಲೇ ಇರುತ್ತವೆ. ಕೆನ್ನೆಯ ಮೂಳೆಯೊಳಗೆ ಸೈನಸ್ ಎಂಬ ಗಾಳಿಗೂಡಿದೆ. ಕೋಲಾರದ ಕೆರೆಗಳಿಗೆ ತೂಬು ತಳದಲ್ಲಿರುತ್ತದೆ. ಈ ಗೂಡಿಗಾದರೋ ಮೇಲ್ಭಾಗದ ಕೋಡಿಯೇ ಗತಿ. ಲೋಳೆಯನ್ನು ಏರುಮುಖವಾಗಿ ಎತ್ತಿ ಹೊರಗೆ ಹಾಕುವ ಚಾಕರಿ ಆ ರೋಮಗಳದೇ. ಧೂಳೂ ಹೊಗೆಯೂ ಅವನ್ನು ಸೋಲಿಸಿ, ಊತವು ಕೋಡಿಯನ್ನು ಮುಚ್ಚಿತೆಂದರೆ ಒಳಗೆ ನಿಂತುದು ಕೀವಾಗುತ್ತದೆ. ಬಗ್ಗಿದಾಗ ಕೆನ್ನೆ ಸಿಡಿಯುವ ನೋವು ಬರುವುದು ಹೀಗೆ. ಬೆಲ್ಲ ತಿಂದರೆ ಧೂಳು ಇಳಿಯುವುದೆಂಬ ನಂಬಿಕೆ ಬಹಳ ಕಡೆ ಇದೆ. ಬೆಲ್ಲ ಹೋಗುವುದು ಹೊಟ್ಟೆಗೆ! ನಶ್ಯವಂತೂ ಧೂಳಿನ ಮೇಲೆ ಇನ್ನೊಂದು ಧೂಳು.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ರೇಷ್ಮೆಯವರ ಕಷ್ಟ ಬೇರೆ ಬಗೆಯದು. ಗೂಡಿನ ಸೆರಿಸಿನ್ ಎಂಬ ಅಂಟು, ಚಿಟ್ಟೆಯ ರೆಕ್ಕೆಯ ಹುಡಿ ಕೆಲವರ ಮೈಗೆ ಒಗ್ಗುವುದಿಲ್ಲ. ವಿಚಿತ್ರವೆಂದರೆ, ಮೊದಲ ಕೆಲವು ತಿಂಗಳು, ಕೆಲವೊಮ್ಮೆ ವರ್ಷಗಳು, ಏನೂ ಆಗದೆ ಆಮೇಲೆ ಸೀನು ಹಿಡಿಯುತ್ತದೆ. ಅಲಕ್ಷಿಸಿದರೆ ಉಬ್ಬಸಕ್ಕೂ ತಿರುಗಬಹುದು. ರಜೆಯ ದಿನ ಮೂಗು ತೆರೆದು ಸೋಮವಾರ ಮತ್ತೆ ಕಟ್ಟಿದರೆ ಕಸುಬೇ ಕಾರಣವೆಂದು ಊಹಿಸಬಹುದು. ಆದರೆ ಹುಳು ಸಾಕುವ ಸೂರಿನಡಿಯೇ ಅಡಿಗೆಯೂ ನಿದ್ದೆಯೂ ನಡೆಯುವ ಮನೆಯಲ್ಲಿ ಈ ಸುಳಿವೂ ಸಿಕ್ಕುವುದಿಲ್ಲ. ಅಲ್ಲಿನ ಗೃಹಿಣಿಗೆ ಭಾನುವಾರವೇ ಇಲ್ಲ. ಹುಳುಮನೆಯನ್ನು ವಾಸದಿಂದ ಬೇರ್ಪಡಿಸುವುದು ಯಾವ ಮಾತ್ರೆಗಿಂತಲೂ ಹೆಚ್ಚಿನ ಉಪಕಾರ ಮಾಡೀತು.

ಬಾಯಿಗೆ ಕಟ್ಟಿದ ವಸ್ತ್ರ ದಪ್ಪ ಧೂಳನ್ನು ತಡೆಯುತ್ತದೆ. ಕೇಡು ಮಾಡುವ ನಯವಾದ ಧೂಳು ಅದರೊಳಗಿಂದಲೇ ನುಸುಳುತ್ತದೆ. ಆದ್ದರಿಂದ ಧೂಳು ಏಳದಂತೆ ನೀರು ಚಿಮುಕಿಸುವುದು ಯಜಮಾನನ ಹೊಣೆ. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದು ಹಿತಕರ. ಮೂಗು ಬಿಡಿಸುವ ಹನಿಗಳನ್ನು ವಾರಕ್ಕಿಂತ ಹೆಚ್ಚು ಬಳಸಿದರೆ ಹನಿಯೇ ಮೂಗನ್ನು ಕಟ್ಟಿಸುತ್ತದೆ.

ಧೂಳಿಲ್ಲದ ಕಸುಬಿಗೂ ಬೇನೆ ತಪ್ಪಿದ್ದಲ್ಲ. ತುಂಬಿದ ತರಗತಿಯ ಉಪಾಧ್ಯಾಯಿನಿಗೂ ಕೋಲಾರದ ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವವನಿಗೂ ಧ್ವನಿತಂತುಗಳ ಮೇಲೆ ಗಂಟು ಏಳಬಹುದು. ಪಿಸುಮಾತು ವಿಶ್ರಾಂತಿಯಲ್ಲ, ಮೌನವೇ ವಿಶ್ರಾಂತಿ. ಮೂರು ವಾರ ಮೀರಿದ ಒಡಕು ಧ್ವನಿಯನ್ನು ಗಂಟಲಿನ ತಜ್ಞರಿಗೆ ತೋರಿಸತಕ್ಕದ್ದು.

ಬಡಗಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಂಗ್ಲೆಂಡಿನ ಹೈ ವಿಕೂಂಬ್ ಪ್ರದೇಶದ ಕುರ್ಚಿ ತಯಾರಕರಲ್ಲಿ ಮೂಗಿನ ಕ್ಯಾನ್ಸರ್ ವಿಪರೀತವಾಗಿರುವುದು 1960ರ ದಶಕದಲ್ಲಿ ಬೆಳಕಿಗೆ ಬಂತು. ಮರದ ಹುಡಿ ಉಸಿರಾಡಿದ ದಶಕಗಳ ಅನಂತರ ಅದು ತಲೆದೋರುತ್ತದೆ. ಕಸುಬು ಬಿಟ್ಟು ಮನೆಯಲ್ಲಿ ಕುಳಿತ ವೃದ್ಧ ಬಡಗಿಗೆ ಒಂದೇ ಹೊಳ್ಳೆ ಕಟ್ಟಿಕೊಂಡು ರಕ್ತ ಬೆರೆತ ಸಿಂಬಳ ಬಂದರೆ, ಅವನ ಹಳೆಯ ಉಳಿ ಗರಗಸಗಳ ಕಥೆಯನ್ನೂ ವೈದ್ಯರಿಗೆ ಹೇಳಬೇಕು.