ಒಂಟಿ ಪಯಣಿಗನ ಜೊತೆಗಾರರು



ಕಳೆದ ಆಷಾಢದಲ್ಲಿ ಹಾವೇರಿ ಕಡೆಯ ನಮ್ಮ ಹಳೆಯ ಓದುಗರೊಬ್ಬರಿಂದ ಪತ್ರವೊಂದು ಬಂದಿತು. ಅವರ ಹಿರಿಯ ಮಗ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೌಕರಿಯಲ್ಲಿರುವನು. ಅವನು ಬೆನ್ನಿಗೊಂದು ಚೀಲ ಏರಿಸಿಕೊಂಡು ಮೂರು ವಾರಗಳ ಕಾಲ ಒಬ್ಬನೇ ಹಿಮಬೆಟ್ಟಗಳಲ್ಲಿ ನಡೆಯುವೆನೆಂದು ನಿಶ್ಚಯಿಸಿದ್ದನು. "ಇವನ ತಾಯಿ ಸರಿಯಾಗಿ ಊಟ ಮಾಡಿ ನಾಲ್ಕು ದಿನವಾಯಿತು. ಏನು ಮಾಡೋಣ, ತಿಳಿಸಿರಿ" ಎಂದು ತಂದೆ ಬರೆದಿದ್ದರು.

ನಾವು ಹೆಚ್ಚು ಯೋಚಿಸದೆ ಉತ್ತರ ಬರೆದೆವು: "ಹೇಗಾದರೂ ತಡೆಯಿರಿ." ಆ ಉತ್ತರದ ಬಗ್ಗೆಯೇ ಈ ತಿಂಗಳು ನಾಲ್ಕು ಮಾತು ನಿವೇದಿಸಬೇಕಾಗಿದೆ.

ಆ ಯುವಕನು ಹೊರಟಿದ್ದ ಹಾದಿಗೆ ಜಾನ್ ಮ್ಯೂರ್ ಟ್ರೇಲ್ ಎಂದು ಹೆಸರು. 1838ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜಾನ್ ಮ್ಯೂರ್ ಎಂಬಾತನು 1869ರ ಬೇಸಿಗೆಯಲ್ಲಿ ಕುರಿಹಿಂಡಿನ ಸಂಗಡ ಸಿಯೆರಾ ನೆವಾಡ ಪರ್ವತಗಳನ್ನು ಏರಿದನು. ಆ ಬೆಟ್ಟಗಳಿಗೆ ಮನಸೋತು, ರೊಟ್ಟಿ ಮತ್ತು ಚಹಾದ ಪುಡಿಯನ್ನಷ್ಟೇ ಕಟ್ಟಿಕೊಂಡು ಅಲ್ಲಿ ಎಷ್ಟೋ ಸಲ ಏಕಾಂಗಿಯಾಗಿ ಅಲೆದನು. ಅಲ್ಲಿನ ಕಾಡು ಬೆಟ್ಟಗಳ ರಕ್ಷಣೆಗಾಗಿ ಜೀವಮಾನವೆಲ್ಲ ದುಡಿದು 1914ರಲ್ಲಿ ತೀರಿಕೊಂಡನು. ಮರುವರ್ಷ ಆತನ ನೆನಪಿಗಾಗಿ ಆರಂಭವಾದ ಹಾದಿಯ ಕೆಲಸವು 1938ರಲ್ಲಿ ಪೂರ್ಣಗೊಂಡಿತು.

ಯೊಸೆಮಿಟಿ ಕಣಿವೆಯಿಂದ 4,421 ಮೀಟರ್ ಎತ್ತರದ ವಿಟ್ನಿ ಶಿಖರದವರೆಗೆ ಈ ಹಾದಿಯ ಉದ್ದ ಸುಮಾರು 340 ಕಿಲೋಮೀಟರು. ರೆಡ್ಸ್ ಮೆಡೊ ಎಂಬ ತಾಣವನ್ನು ದಾಟಿದ ಮೇಲೆ ವಿಟ್ನಿಯವರೆಗೆ ವಾಹನದ ರಸ್ತೆಯೊಂದೂ ಎದುರಾಗುವುದಿಲ್ಲ. ಮರಗಳೂ ಬೆಳೆಯಲಾರದ ಎತ್ತರದಲ್ಲಿ ಬರಿಯ ಬಂಡೆ, ಸರೋವರ, ಅಲ್ಲಲ್ಲಿ ಕರಗದೆ ಉಳಿದ ಹಿಮ. ನಾಲ್ಕು ಸಾವಿರ ಮೀಟರಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕವು ಸಮುದ್ರತೀರದಲ್ಲಿ ಸಿಗುವುದರ ಐದರಲ್ಲಿ ಸುಮಾರು ಮೂರು ಪಾಲು ಮಾತ್ರ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಿಡಿಲುಮಳೆ ಬರುವುದುಂಟು. ಆದ್ದರಿಂದ ಎತ್ತರದ ಕಣಿವೆದಾರಿಗಳನ್ನು ಮುಂಜಾನೆಯೇ ದಾಟಬೇಕು. ಹಿಮ ಕರಗಿದ ನೀರು ಹಗಲೇರಿದಂತೆ ಹೆಚ್ಚುವುದರಿಂದ ಹೊಳೆಗಳನ್ನು ದಾಟುವುದಕ್ಕೂ ಮುಂಜಾನೆಯೇ ಲೇಸು. ಆಹಾರವನ್ನು ಕರಡಿ ತೆರೆಯಲಾರದಂಥ ಗಟ್ಟಿ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು.

ಇವನ್ನೆಲ್ಲ ನಮಗೆ ತಿಳಿಸಿದವನು ಆ ಯುವಕನೇ. ನಮ್ಮ ಸಲಹೆಯನ್ನು ತಂದೆ ಅವನಿಗೆ ಓದಿ ಹೇಳಿದಾಗ ಅವನು ಸಿಟ್ಟಾಗಲಿಲ್ಲ. ಎರಡು ಪುಟಗಳ ಬರಹವೊಂದನ್ನು ಮನೆಗೆ ಕಳುಹಿಸಿದನು. ಯಾವ ದಿನ ಎಲ್ಲಿ ತಂಗುವನು, ಎಲ್ಲಿ ದಿನಸಿ ತುಂಬಿಕೊಳ್ಳುವನು, ಅನುಮತಿ ಪತ್ರದ ಸಂಖ್ಯೆಯೇನು, ನಡುವೆ ತೊಂದರೆಯಾದರೆ ಯಾವ ಯಾವ ಪಕ್ಕದ ದಾರಿಗಳಿಂದ ಕೆಳಗಿಳಿಯಬಹುದು ಎಂಬುದೆಲ್ಲ ಅದರಲ್ಲಿತ್ತು. ಮೊಬೈಲ್ ಕೆಲಸ ಮಾಡದ ಆ ಬೆಟ್ಟಗಳಿಂದ ಉಪಗ್ರಹದ ಮೂಲಕ ಕಿರುಸಂದೇಶ ಕಳುಹಿಸುವ ಪುಟ್ಟ ಉಪಕರಣವೊಂದು ಅವನ ಬಳಿ ಇತ್ತು. ಕೊನೆಯಲ್ಲಿ ಹೀಗೆ ಬರೆದಿದ್ದನು: "ಒಂದು ರಾತ್ರಿ ಸಂದೇಶ ಬಾರದಿದ್ದರೆ ಗಾಬರಿಯಾಗಬೇಡಿರಿ. ಸತತ ಎರಡು ರಾತ್ರಿ ಬಾರದಿದ್ದರೆ ಈ ಸಂಖ್ಯೆಗೆ ಕರೆ ಮಾಡಿರಿ."

ಅದನ್ನು ಓದಿದ ಮೇಲೆ ನಮಗೆ ನಾಚಿಕೆಯಾಯಿತು. ನಾವು ಹುಡುಗಾಟವೆಂದು ಬಗೆದದ್ದರ ಹಿಂದೆ ಇಷ್ಟು ಸಿದ್ಧತೆಯಿತ್ತು. ತಾಯಿ ಆ ಹಾಳೆಗಳನ್ನು ದೇವರ ಜಗುಲಿಯ ಪಕ್ಕದ ಗೋಡೆಗೆ ಅಂಟಿಸಿದರು.

ಶ್ರಾವಣದಲ್ಲಿ ನಡಿಗೆ ಆರಂಭವಾಯಿತು. ಅಲ್ಲಿ ರಾತ್ರಿ ಎಂಟಾದರೆ ಇಲ್ಲಿ ಬೆಳಗಿನ ಎಂಟೂವರೆ. ಪೂಜೆ ಮುಗಿಸಿ ಏಳುವ ಹೊತ್ತಿಗೆ ತಾಯಿಗೆ ಮಗನ ಒಂದು ಸಾಲು ಬರುತ್ತಿತ್ತು. ಒಂದು ದಿನ ಮ್ಯೂರ್ ಪಾಸ್ ಎಂಬಲ್ಲಿಂದ ಬರೆದನು. ಅಲ್ಲಿ 3,600 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ಬಿರುಗಾಳಿಗೆ ಸಿಕ್ಕ ದಾರಿಹೋಕರಿಗೆ ಆಶ್ರಯವಾಗಲೆಂದು 1930ರಲ್ಲಿ ಕಟ್ಟಿದ ಕಲ್ಲಿನ ಮನೆಯೊಂದಿದೆ. "ನಮ್ಮೂರ ಹಾದಿಯ ಮಂಟಪದಂತಿದೆ, ಅವ್ವಾ" ಎಂದಿದ್ದನು.

ಹದಿನೇಳನೆಯ ದಿನ ಸಂದೇಶ ಬರಲಿಲ್ಲ. ಹತ್ತಾಯಿತು, ಮಧ್ಯಾಹ್ನವಾಯಿತು. ತಂದೆ ನಮಗೆ ದೂರವಾಣಿ ಮಾಡಿ, "ಈಗಲೇ ಅಲ್ಲಿಗೆ ತಿಳಿಸೋಣವೇ?" ಎಂದು ಕೇಳಿದರು. "ಹಾಳೆಯಲ್ಲಿ ಬರೆದಂತೆ ಕಾಯೋಣ" ಎಂದೆವು. ಹಾಗೆನ್ನುವಾಗ ನಮ್ಮ ಧ್ವನಿಯೇ ನಡುಗುತ್ತಿತ್ತು. 1996ರ ಜುಲೈಯಲ್ಲಿ ಅದೇ ಸೀಮೆಯಲ್ಲಿ ರ‍್ಯಾಂಡಿ ಮಾರ್ಗನ್ಸನ್ ಎಂಬ ಅನುಭವಿ ಅರಣ್ಯಪಾಲಕನು ಒಬ್ಬನೇ ಗಸ್ತಿಗೆ ಹೋಗಿ ಕಾಣೆಯಾದನೆಂದೂ, ಅವನ ಅವಶೇಷಗಳು ದೊರೆತದ್ದು 2001ರಲ್ಲಿ ಎಂದೂ ನಾವು ಅಷ್ಟರಲ್ಲಿ ಓದಿ ತಿಳಿದಿದ್ದೆವು. ತಾಯಿಗೆ ಇದನ್ನು ಹೇಳಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಸುದ್ದಿ ಬಂದಿತು, ಅಪರಿಚಿತರೊಬ್ಬರ ಉಪಕರಣದಿಂದ. ಗ್ಲೆನ್ ಪಾಸ್ ಇಳಿಯುವಾಗ ಹುಡುಗನ ಪಾದ ಉಳುಕಿತ್ತು. ಅವನ ಉಪಕರಣದ ಬ್ಯಾಟರಿ ಮುಗಿದಿತ್ತು. ಬೆಳಿಗ್ಗೆ ಅದೇ ಹಾದಿಯಲ್ಲಿ ಬಂದ ದಂಪತಿಗಳು ಅವನ ಕಾಲಿಗೆ ಪಟ್ಟಿ ಕಟ್ಟಿ, ಚೀಲದ ಭಾರದಲ್ಲಿ ಅರ್ಧ ತಾವು ಹೊತ್ತು, ಕಿಯರ್‌ಸಾರ್ಜ್ ಪಾಸಿನ ದಾರಿಯಾಗಿ ಅವನನ್ನು ರಸ್ತೆಗೆ ತಲುಪಿಸಿದರು. ಹಾಳೆಯಲ್ಲಿ ಬರೆದಿದ್ದ ಪಕ್ಕದ ದಾರಿಗಳಲ್ಲಿ ಅದೂ ಒಂದು. ವಿಟ್ನಿ ಶಿಖರವನ್ನು ಅವನು ಕಾಣಲಿಲ್ಲ. "ಏರುವುದಕ್ಕಿಂತ ಹಿಂದಿರುಗುವ ನಿರ್ಧಾರವೇ ಭಾರವಾಗಿತ್ತು" ಎಂದು ಆಮೇಲೆ ನಮಗೆ ಬರೆದನು.

ಇದರಿಂದ ನಾವು ಅರಿತದ್ದು ಇಷ್ಟು. ಒಬ್ಬನೇ ನಡೆಯುವವನು ಎಷ್ಟೋ ಜನರ ಋಣದ ಮೇಲೆ ನಡೆಯುತ್ತಾನೆ: ಹಾದಿ ಕಡಿದವರು, ಮಂಟಪ ಕಟ್ಟಿದವರು, ಎದುರು ಸಿಕ್ಕ ದಾರಿಹೋಕರು, ಮನೆಯಲ್ಲಿ ಹಾಳೆಯನ್ನು ನೋಡುತ್ತ ಕುಳಿತ ತಾಯಿ. ಆ ಋಣವನ್ನು ಅರಿತು ಹೊರಟವನ ಏಕಾಂತಕ್ಕೆ ಅರ್ಥವಿದೆ; ಯಾರಿಗೂ ಹೇಳದೆ ಹೊರಟವನದು ಬರಿಯ ಹಟ.

ಆದ್ದರಿಂದ ತಂದೆ ತಾಯಿಗಳಲ್ಲಿ ನಮ್ಮ ವಿನಂತಿ. ಪಶ್ಚಿಮ ಘಟ್ಟದ ಚಾರಣವಿರಲಿ, ಹಿಮಾಲಯವಿರಲಿ, ಪರದೇಶದ ಬೆಟ್ಟವಿರಲಿ, ಬೆಳೆದ ಮಗನೋ ಮಗಳೋ ಹೊರಟಾಗ "ಬೇಡ" ಎನ್ನುವ ಮುನ್ನ ನಾಲ್ಕು ಮಾತು ಕೇಳಿರಿ. ಯಾವ ದಾರಿ? ಎಂದು ಮರಳುವೆ? ಸುದ್ದಿ ಬಾರದಿದ್ದರೆ ಎಷ್ಟು ಕಾಯಬೇಕು, ಯಾರಿಗೆ ಹೇಳಬೇಕು? ಹಿಂದಿರುಗಬೇಕಾಗಿ ಬಂದರೆ ಹಿಂದಿರುಗುವೆಯಾ? ಉತ್ತರ ಸಿದ್ಧವಿದ್ದರೆ ಹರಸಿ ಕಳುಹಿಸಿರಿ; ಇಲ್ಲವಾದರೆ ಉತ್ತರ ಸಿದ್ಧವಾಗುವವರೆಗೆ ನಿಲ್ಲಿಸಿರಿ.

ಉಳಿದ ಹಾದಿಯನ್ನು ಮುಗಿಸಲು ಆ ಯುವಕನು ಮತ್ತೆ ಹೊರಡುವನಂತೆ. ಈ ಸಲ ತಾಯಿ ನಮ್ಮ ಸಲಹೆ ಕೇಳಲಿಲ್ಲ. ಹಳೆಯ ಹಾಳೆಗಳನ್ನು ಗೋಡೆಯಿಂದ ಬಿಡಿಸಿ ಜಾಗ ಮಾಡಿಟ್ಟು, "ಹೊಸದನ್ನು ಬೇಗ ಕಳಿಸು, ಬ್ಯಾಟರಿ ಎರಡು ಒಯ್ಯಿ" ಎಂದು ಮಗನಿಗೆ ಹೇಳಿದರಂತೆ.