ಮಕ್ಕಳ ಗಮನ ಯಾರ ಸೊತ್ತು?

ಪರೀಕ್ಷೆ ಹತ್ತಿರ ಬಂದಿತೆಂದರೆ ದೊಡ್ಡಬಳ್ಳಾಪುರದ ನೇಕಾರರ ಕೇರಿಗಳಲ್ಲಿ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಅಂಗಡಿ ಬೀದಿಗಳಲ್ಲಿ ತಂದೆತಾಯಿಗಳ ಬಾಯಲ್ಲಿ ಒಂದೇ ದೂರು: ಹುಡುಗ ಪುಸ್ತಕದ ಮುಂದೆ ಹತ್ತು ನಿಮಿಷ ಕೂರುವುದಿಲ್ಲ, ಮೊಬೈಲು ಹಿಡಿದರೆ ನಡುರಾತ್ರಿಯಾದರೂ ಏಳುವುದಿಲ್ಲ. ದೂರು ಸುಳ್ಳಲ್ಲ. ಆದರೆ ಬೈಗುಳವೆಲ್ಲ ಹದಿನಾಲ್ಕರ ಹುಡುಗನ ಪಾಲಿಗೆ, ಲಾಭವೆಲ್ಲ ಕಂಪನಿಯ ಪಾಲಿಗೆ ಹೋಗುತ್ತಿರುವ ಈ ವ್ಯವಸ್ಥೆಯನ್ನು ನಾವು ಒಪ್ಪಲಾರೆವು.

ಗಮನವೆಂದರೇನು ಎಂಬುದನ್ನು ಮಗ್ಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸಿನ ಒಂದು ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ, ಮತ್ತೆ ಓಡಿಸಬೇಕು. ಗಳಿಗೆಗೊಮ್ಮೆ ಎಳೆ ಕಡಿಯುತ್ತಿದ್ದರೆ ಸಂಜೆಗೆ ಉಳಿಯುವುದು ಸೀರೆಯಲ್ಲ, ಬರಿಯ ಗಂಟು. ಓದೂ ಹಾಗೆಯೇ. ಲೆಕ್ಕದ ನಡುವೆ ಮೊಬೈಲು ಒಮ್ಮೆ ಸದ್ದು ಮಾಡಿದರೆ ಮನಸ್ಸಿನ ಎಳೆ ಕಡಿಯುತ್ತದೆ. ಹೀಗೆ ಗಮನ ಕದಲಿದ ವಿದ್ಯಾರ್ಥಿ ಮತ್ತೆ ಪಾಠದಲ್ಲಿ ನೆಲೆಗೊಳ್ಳಲು 20 ನಿಮಿಷದವರೆಗೂ ಬೇಕಾಗಬಹುದೆಂದು ಯುನೆಸ್ಕೋ ಸಂಸ್ಥೆಯ 2023ರ ಶಿಕ್ಷಣ ವರದಿ ಹೇಳಿದೆ.

ಎಳೆ ತಾನಾಗಿ ಕಡಿಯುತ್ತಿಲ್ಲ, ಕಡಿಯುವವರಿದ್ದಾರೆ. ಪುಸ್ತಕದ ಪುಟಕ್ಕೆ ಕೊನೆಯುಂಟು, ಸಿನಿಮಾಕ್ಕೆ ಮಧ್ಯಂತರವುಂಟು. ಜಾಲತಾಣದ ಪುಟಕ್ಕೆ ಕೊನೆಯೇ ಇಲ್ಲ. ಬೆರಳು ಎಳೆದಷ್ಟೂ ಹೊಸದು ಬರುವಂತೆ ಅದನ್ನು ಬೇಕೆಂದೇ ಕಟ್ಟಿದ್ದಾರೆ. ಅಂಗಡಿಯವನು ಸರಕು ತೂಗಿ ಕಾಸು ಪಡೆಯುತ್ತಾನೆ. ಇಲ್ಲಿ ಸರಕು ಪುಕ್ಕಟೆ, ಏಕೆಂದರೆ ತಕ್ಕಡಿಯಲ್ಲಿ ಕೂತಿರುವವನು ಗಿರಾಕಿಯೇ. ಅವನ ಸಮಯವನ್ನು ತೂಗಿ ಜಾಹೀರಾತುದಾರರಿಗೆ ಮಾರುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನದ ಮೆಟಾ ಕಂಪನಿಯ 2024ರ ವರಮಾನ 16,400 ಕೋಟಿ ಡಾಲರಿಗೂ ಮೇಲು. ಅದರಲ್ಲಿ ಬಹುಪಾಲು ಜಾಹೀರಾತಿನದೇ. ನಮ್ಮ ಮಕ್ಕಳ ಸಂಜೆಗಳೂ ಆ ಲೆಕ್ಕದಲ್ಲಿ ಸೇರಿವೆ.

ಈ ಸಾಧನ ಬಡವನ ಮನೆಗೆ ಬಂದದ್ದಾದರೂ ಹೇಗೆ? 2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆ ಮುಚ್ಚಿತು, ಪಾಠ ಮೊಬೈಲಿಗೆ ಬಂತು. ಮಗ್ಗ ನಿಂತ ದಿನಗಳಲ್ಲೂ ಸಾಲ ಮಾಡಿ ಮೊಬೈಲು ಕೊಂಡವರನ್ನು ನಾವು ಬಲ್ಲೆವು. ಅದೇ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ತನ್ನ ರೀಲ್ಸನ್ನು ತಂದಿತು. ಒಬ್ಬ ವ್ಯಾಪಾರಿ ಹೋದ, ಇನ್ನೊಬ್ಬ ಅದೇ ಮಳಿಗೆಯಲ್ಲಿ ಕೂತ. ಶಾಲೆಯ ಬಾಗಿಲು ತೆರೆದ ಮೇಲೂ ಮೊಬೈಲು ಮಕ್ಕಳ ಕೈಯಲ್ಲೇ ಉಳಿಯಿತು. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳ ಬಗ್ಗೆ 2024ರ ‘ಅಸರ್’ ಸಮೀಕ್ಷೆ ಹೇಳುವ ಮಾತು ಕೇಳಿ: ಸ್ಮಾರ್ಟ್‌ಫೋನ್ ಬಳಸಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇಕಡಾ 57, ಜಾಲತಾಣಕ್ಕೆ ಬಳಸಿದವರು ಶೇಕಡಾ 76.

ಉಳ್ಳವರ ಮಗುವಿಗೆ ಬೇರೆ ಕೋಣೆ, ಮನೆಪಾಠ, ಆಟದ ಬಯಲು, ಮೇಲುಸ್ತುವಾರಿಗೆ ಬಿಡುವಿರುವ ಹಿರಿಯರು ಉಂಟು. ಕೂಲಿ ನೇಕಾರನ ಮಗುವಿಗೆ ಮಲಗುವುದೂ ಓದುವುದೂ ಮಗ್ಗದ ಸದ್ದಿನ ಪಕ್ಕದಲ್ಲೇ. ತಂದೆ ರಾತ್ರಿ ಪಾಳಿಯಲ್ಲಿ, ತಾಯಿ ನೂಲು ಸುತ್ತುವುದರಲ್ಲಿ. ಆ ಮಗುವಿಗೆ ಮೊಬೈಲೇ ಬಯಲು, ಮೊಬೈಲೇ ಗೆಳೆಯ. ಆದ್ದರಿಂದ ‘ಪೋಷಕರು ನಿಗಾ ಇಡಲಿ’ ಎಂದು ಉಪದೇಶಿಸುವವರು ಆ ಪೋಷಕರಿಗೆ ಬಿಡುವು ಕೊಡುವವರಾರು ಎಂಬುದನ್ನೂ ಹೇಳಬೇಕು.

1948ರ ಕಾರ್ಖಾನೆ ಕಾಯಿದೆ 14 ವರ್ಷ ತುಂಬದ ಮಗುವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಿತು. ಆಗ ಯಾರೂ ಮಗುವಿಗೆ ದಂಡ ಹಾಕಲಿಲ್ಲ, ಮಾಲೀಕನನ್ನು ಹೊಣೆ ಮಾಡಿದರು. ಆಸ್ಟ್ರೇಲಿಯವೂ ಇದೇ ಹಾದಿ ಹಿಡಿದಿದೆ. ಅಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಜಾಲತಾಣದ ಖಾತೆ ಇಲ್ಲ. ತಪ್ಪಿದರೆ ದಂಡ ಕಂಪನಿಗೆ, ಮಗುವಿಗೂ ತಂದೆತಾಯಿಗೂ ಅಲ್ಲ. ನಮ್ಮಲ್ಲೂ 2023ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಪೀಠವೊಂದು ಶಾಲಾ ಮಕ್ಕಳನ್ನು ಜಾಲತಾಣದಿಂದ ದೂರವಿಡುವುದು ಒಳಿತೆಂದು ವಿಚಾರಣೆಯ ವೇಳೆ ಅಭಿಪ್ರಾಯಪಟ್ಟಿತು. 2023ರ ದತ್ತಾಂಶ ರಕ್ಷಣೆ ಕಾಯಿದೆಯಂತೂ 18 ವರ್ಷದೊಳಗಿನವರ ಬೆನ್ನುಹತ್ತಿ ಗಮನಿಸುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸಿದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮೇಲಾಗಿ ಮುಖ್ಯ ಕಟ್ಟಳೆಗಳಿಗೆ ಕಂಪನಿಗಳಿಗೆ 18 ತಿಂಗಳ ಗಡುವು! ನೇಕಾರನ ವಿದ್ಯುತ್ ಬಿಲ್ಲಿಗೆ ಇಷ್ಟು ಉದಾರವಾದ ಗಡುವನ್ನು ಯಾವ ಸರ್ಕಾರ ಕೊಟ್ಟಿದೆ?

ನಮ್ಮ ಬೇಡಿಕೆಗಳು ಸರಳವಾಗಿವೆ. ಒಂದು, ಮಕ್ಕಳ ರಕ್ಷಣೆಯ ಕಾನೂನು ಕಾಗದದಿಂದಿಳಿದು ಕಂಪನಿಗಳ ಮೇಲೆ ಜಾರಿಯಾಗಲಿ. ಎರಡು, ಶಾಲೆಗಳು ಮನೆಗೆಲಸವನ್ನು ವಾಟ್ಸಾಪಿನಲ್ಲಿ ಕಳುಹಿಸುವುದನ್ನು ನಿಲ್ಲಿಸಿ, ಕಪ್ಪುಹಲಗೆಯ ಮೇಲೆ ಬರೆಸಲಿ. ಓದಿಗೆಂದು ಕೈಗೆ ಕೊಟ್ಟ ಮೊಬೈಲು ಓದಿನಲ್ಲೇ ನಿಲ್ಲುವುದಿಲ್ಲ. ಮೂರು, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳೂ ಪಟ್ಟಣದ ಗ್ರಂಥಾಲಯಗಳೂ ಸಂಜೆ ಆರರಿಂದ ಒಂಬತ್ತರವರೆಗೆ ದೀಪ, ಬೆಂಚು, ಪುಸ್ತಕಗಳೊಂದಿಗೆ ತೆರೆದಿರಲಿ.

ಸರ್ಕಾರ ಎಚ್ಚರಗೊಳ್ಳುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯವರು 2022ರಲ್ಲಿ ಒಂದು ಕಟ್ಟು ಮಾಡಿದರು. ಸಂಜೆ ಏಳಕ್ಕೆ ಸೈರನ್ ಕೂಗಿದೊಡನೆ ಒಂದೂವರೆ ಗಂಟೆ ಟಿವಿ ಬಂದ್, ಮೊಬೈಲು ಬಂದ್, ಮಕ್ಕಳಿಗೂ ದೊಡ್ಡವರಿಗೂ. ಅಪ್ಪ ರೀಲ್ಸ್ ನೋಡುತ್ತ ಮಗನಿಗೆ ‘ಓದು’ ಎಂದರೆ ಮಾತು ಕಿವಿಗೆ ಬೀಳುವುದಿಲ್ಲ.

ನಮ್ಮ ಕೇರಿಗಳಲ್ಲಿ, ಅಂಗಡಿ ಬೀದಿಗಳಲ್ಲಿ ಈ ಮಾತು ಚರ್ಚೆಗೆ ಬರಲಿ. ಕಾರ್ಮಿಕ ಸಂಘ, ವರ್ತಕರ ಸಂಘ, ಮಹಿಳಾ ಸಂಘಗಳು ಕೂಡಿ ಕೂತು ತಮ್ಮ ಕೇರಿಗೆ ಒಪ್ಪುವ ಹೊತ್ತನ್ನು ಗೊತ್ತುಮಾಡಲಿ. ದುಡಿಮೆಗೆ ಹೊತ್ತಿನ ಮಿತಿ ಬೇಕೆಂದು ಹೋರಾಡಿ ಗೆದ್ದ ಕಾರ್ಮಿಕ ವರ್ಗ ನಮ್ಮದು. ಮಕ್ಕಳ ಓದಿನ ಹೊತ್ತನ್ನು ಕಂಪನಿಗಳ ಕೈಯಿಂದ ಬಿಡಿಸಿಕೊಳ್ಳುವುದೂ ಆ ಹೋರಾಟದ ಮುಂದುವರಿಕೆಯೇ.